ಮೆಣಸಿನ ಬೀದಿಯಲ್ಲಿ ಮೂಗಿಗೊಂದು ಪಾಠ

ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಬಜಾರ್ ರಸ್ತೆ ಅಂತ ಒಂದು ಹಳೇ ಪೇಟೆಬೀದಿ ಇದೆ. ಅಲ್ಲಿ ನೀರಿನ ಬದಿಯ ಗೋದಾಮುಗಳಿಗೆ ಮುಂಬಾಗಿಲು ರಸ್ತೆಗೆ, ಹಿಂಬಾಗಿಲು ಹಿನ್ನೀರಿಗೆ. ದೋಣಿಯಲ್ಲಿ ಬಂದ ಮೂಟೆಗಳನ್ನು ಹಿಂದಿನಿಂದಲೇ ಒಳಗೆ ಇಳಿಸಿಕೊಳ್ಳುತ್ತಿದ್ದರು. ವ್ಯಾಪಾರ ಈಗ ಮೊದಲಿನಷ್ಟಿಲ್ಲ. ಆದರೂ ಆ ಬೀದಿಯಲ್ಲಿ ನಡೆದರೆ ಮೆಣಸು, ಶುಂಠಿ, ಏಲಕ್ಕಿಗಳ ಘಮ ಮೂಗಿಗೆ ಬಡಿಯುತ್ತದೆ.

ಮಕ್ಕಳೇ, ಆ ಗೋಣಿಚೀಲದ ಒಂದು ಕಾಳುಮೆಣಸನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಕಪ್ಪು, ಗಟ್ಟಿ, ಮೈಯೆಲ್ಲ ಸುಕ್ಕು. ಬಳ್ಳಿಯಲ್ಲಿದ್ದಾಗ ಇದು ಹಸಿರಾಗಿ, ನುಣುಪಾಗಿ ಇತ್ತು. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ ಈ ಹಸಿರು ಗೊಂಚಲನ್ನು ನಿಮ್ಮಲ್ಲಿ ಕೆಲವರು ಕಂಡಿರುತ್ತೀರಿ. ಹಾಗಾದರೆ ಕಪ್ಪು ಬಣ್ಣ ಬಂದದ್ದು ಎಲ್ಲಿಂದ?

ಹೆಚ್ಚಿಟ್ಟ ಬದನೆಕಾಯಿ ಸ್ವಲ್ಪ ಹೊತ್ತಿಗೆ ಕಂದಾಗುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಕಾಳಿನ ಸಿಪ್ಪೆಯಲ್ಲಿ ಕಿಣ್ವಗಳಿವೆ. ಸಿಪ್ಪೆಯ ಜೀವಕೋಶಗಳು ಒಡೆದಾಗ ಕಿಣ್ವ, ಸಿಪ್ಪೆಯ ರಸ, ಗಾಳಿಯ ಆಮ್ಲಜನಕ ಮೂರೂ ಸೇರಿ ಕಪ್ಪು ಬಣ್ಣ ಹುಟ್ಟುತ್ತದೆ. ಅದಕ್ಕೇ ಎಷ್ಟೋ ಬೆಳೆಗಾರರು ಕಾಳನ್ನು ಕುದಿನೀರಲ್ಲಿ ಒಮ್ಮೆ ಅದ್ದಿ ತೆಗೆದು ಕಣದಲ್ಲಿ ಹರವುತ್ತಾರೆ. ಬಿಸಿಗೆ ಜೀವಕೋಶ ಬೇಗ ಒಡೆಯುತ್ತದೆ. ತುಂಬ ಹೊತ್ತು ಬೇಯಿಸಿದರೆ ಮಾತ್ರ ಕಿಣ್ವವೇ ಕೆಟ್ಟು, ಬಣ್ಣ ಸರಿಯಾಗಿ ಕೂಡುವುದಿಲ್ಲ. ಹಣ್ಣಾದ ಕಾಳಿನ ಸಿಪ್ಪೆಯನ್ನು ನೆನೆಸಿ ತೆಗೆದುಬಿಟ್ಟರೋ, ಅದು ಬಿಳಿಮೆಣಸು.

ಬಿಸಿಲಿಗೆ ನೀರು ಹೋಗಿ, ಸುಮಾರು ಮೂರು ಕಿಲೋ ಹಸಿಕಾಳು ಒಂದು ಕಿಲೋ ಆಗುತ್ತದೆ. ಈ ಬೀದಿ ಬೆಳೆದದ್ದರ ಗುಟ್ಟು ಇದರಲ್ಲಿದೆ ಅಂತ ನನಗೆ ಅನಿಸುತ್ತದೆ. ಬೂಷ್ಟು ಬೆಳೆಯಬೇಕಾದರೆ ನೀರು ಬೇಕು. ಚೆನ್ನಾಗಿ ಒಣಗಿದ ಮೆಣಸಿನಲ್ಲಿ ಅದಕ್ಕೆ ಸಾಲುವಷ್ಟು ನೀರಿರುವುದಿಲ್ಲ. ಹಾಗಾಗಿ ತಿಂಗಳುಗಟ್ಟಲೆ ಹಡಗಿನಲ್ಲಿ ಹೋದರೂ ಕೆಡದೆ ಉಳಿಯುತ್ತಿತ್ತು. ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್ ಸತ್ತು 3,200 ವರ್ಷಗಳಾದವು. ಅವನ ಮಮ್ಮಿಯ ಮೂಗಿನ ಹೊಳ್ಳೆಯಲ್ಲಿ ಕಾಳುಮೆಣಸು ಸಿಕ್ಕಿದೆ!

ಈಗ ಘಮದ ವಿಚಾರ. ಮೂಗಿಗೆ ಬರುವುದು ಮೆಣಸಿನ ಖಾರವಲ್ಲ. ಕಾಳಿನಲ್ಲಿ ಸುಲಭವಾಗಿ ಆವಿಯಾಗುವ ಎಣ್ಣೆಗಳಿವೆ. ಅವುಗಳ ಅಣುಗಳು ಗಾಳಿಯಲ್ಲಿ ತೇಲಿ ಬಂದು ಮೂಗು ಸೇರುವುದೇ ಘಮ. ಖಾರ ಕೊಡುವುದು ಪೈಪರಿನ್ ಎಂಬ ಬೇರೆಯೇ ವಸ್ತು. ಅದು ಸುಲಭಕ್ಕೆ ಆವಿಯಾಗುವುದಿಲ್ಲ, ಕಾಳಲ್ಲೇ ಉಳಿಯುತ್ತದೆ. 1819ರಲ್ಲಿ ಅದನ್ನು ಬೇರ್ಪಡಿಸಿದವರು ಡೆನ್ಮಾರ್ಕಿನ ಅರ್ಸ್ಟೆಡ್. ಮರುವರ್ಷ, ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಕಂಡು ಜಗತ್ತಿಗೆ ತಿಳಿಸಿದವರೂ ಇವರೇ. ಒಬ್ಬರೇ ವ್ಯಕ್ತಿ ಮೆಣಸನ್ನೂ ಕಾಂತವನ್ನೂ ಇಷ್ಟು ಆಸ್ಥೆಯಿಂದ ನೋಡಿದ್ದು ನನಗೆ ಬಹಳ ಇಷ್ಟ.

ನಾಲಿಗೆಗೆ ಖಾರ ಒಂದು ರುಚಿಯೇ ಅಲ್ಲ. ಬಿಸಿ ತಾಗಿದಾಗ ಎಚ್ಚರಿಸುವ ನರತುದಿಗಳು ಬಾಯಲ್ಲಿವೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅವು ‘ಸುಡುತ್ತಿದೆ’ ಅಂತ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಪೈಪರಿನ್ ತಾಗಿದರೂ ಅದೇ ಸುದ್ದಿ ಹೋಗುತ್ತದೆ. ಮೆಣಸಿನಕಾಯಿಯ ಖಾರವನ್ನು ಹಿಡಿದು ಈ ದಾರಿಯನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು.

ಪಕ್ಕದ ಮೂಟೆಯಲ್ಲಿ ಕೊಚ್ಚಿಯ ಹೆಸರಲ್ಲೇ ಪರದೇಶಕ್ಕೆ ಹೋಗುವ ಒಣಶುಂಠಿ. ಹಸಿಶುಂಠಿಗಿಂತ ಇದರ ಖಾರ ಯಾಕೆ ಜೋರು? ಒಣಗುವಾಗ ಜಿಂಜರಾಲ್ ಎಂಬ ಅಣುವಿನಿಂದಲೂ ನೀರಿನ ಅಂಶ ಕಳಚಿ ಶೋಗಾಲ್ ಆಗುತ್ತದೆ. ಶೋಗಾಲ್ ಇನ್ನೂ ಖಾರ. ಅಜ್ಜಿಯ ಕಷಾಯ ಗಂಟಲಿಗೆ ಚುರುಕ್ ಅನ್ನುವುದು ಇದರಿಂದಲೇ.

ಮೆಣಸಿನ ವ್ಯಾಪಾರಿಗಳು ಒಂದು ಲೀಟರ್ ಅಳತೆಯಲ್ಲಿ ಎಷ್ಟು ಗ್ರಾಂ ಕಾಳು ತೂಗುತ್ತದೆ ಅಂತ ನೋಡುತ್ತಾರೆ. 550 ಗ್ರಾಂ ಬಂದರೆ ಒಳ್ಳೆಯ ಮಾಲು. ಟೊಳ್ಳು ಕಾಳು ಜಾಸ್ತಿಯಿದ್ದರೆ ತೂಕ ಇಳಿಯುತ್ತದೆ. ನಿಮ್ಮ ಮನೆಯಲ್ಲಿ ಒಂದು ಲೋಟ ನೀರೇ ಸಾಕು. ಒಂದು ಚಮಚ ಕಾಳುಮೆಣಸು ಹಾಕಿ ಕಲಕಿ, ಸ್ವಲ್ಪ ಹೊತ್ತು ಬಿಡಿ. ತುಂಬಿದ ಕಾಳು ತಳ ಸೇರುತ್ತದೆ. ತೇಲಿದ್ದನ್ನು ಎತ್ತಿ ಒಡೆದು ನೋಡಿ: ಟೊಳ್ಳು ಕಾಳೋ, ಪಪ್ಪಾಯಿ ಬೀಜದ ಕಲಬೆರಕೆಯೋ, ನೀವೇ ಹೇಳಿ.