ಹಿಂದಿನ ಗಾಡಿಗೆ ಬ್ರೇಕ್ ಯಾಕೆ ಸಾರ್?

ಇವತ್ತು ರಾಜಕೀಯ ಇಲ್ಲ. ಯಾರು ಯಾರನ್ನ ಬೈದರು, ಯಾರು ಯಾವ ರೆಸಾರ್ಟ್‌ಗೆ ಹೋದರು, ಅದೆಲ್ಲ ನಾಳೆಗೂ ಇರುತ್ತೆ. ಇವತ್ತಿನ ಮಾತು ಹೆಬ್ಬೆರಳು ಗಾತ್ರದ ಒಂದು ಕಬ್ಬಿಣದ ಪಿನ್ನಿನ ಬಗ್ಗೆ. ಪಿಕಪ್ ಗಾಡಿಯ ಹಿಂದೆ ಟ್ರೇಲರ್ ಕಟ್ಟುವಾಗ ನಡುವೆ ತೂರಿಸ್ತಾರಲ್ಲ, ಆ ಪಿನ್ನು. ನಗಬೇಡಿ. ರಸ್ತೆ ಬದಿಯಲ್ಲಿ ಸ್ಕೂಲಿಗೆ ನಡೆದು ಹೋಗೋ ಮಗುವಿನ ಪ್ರಾಣ ಎಷ್ಟೋ ಸಲ ಆ ಪಿನ್ನಿಗೆ ನೇತಾಡ್ತಾ ಇರುತ್ತೆ.

ಕೊರಟಗೆರೆ ತಾಲೂಕಿನ ಸಿದ್ದರಬೆಟ್ಟದ ಕಡೆ ಹೋಗಿದ್ದಾಗ ನೋಡಿದ್ದು ಇದು. ಬೆಟ್ಟದ ತಪ್ಪಲಿನ ರಸ್ತೆಯಲ್ಲಿ ಒಂದು ಪಿಕಪ್ಪು. ಅದರ ಮೇಲೆ ಸಿಮೆಂಟ್ ಮೂಟೆ, ಸೆಂಟ್ರಿಂಗ್ ಶೀಟು, ಶೀಟಿನ ಮೇಲೆ ನಾಲ್ಕು ಜನ ಕೂಲಿಯವರು. ಹಿಂದೆ ಕಾಂಕ್ರೀಟ್ ಕಲಸೋ ಯಂತ್ರ. ನಮ್ಮ ಮೇಸ್ತ್ರಿಗಳು ಅದನ್ನ ಮಿಲ್ಲರ್ ಅಂತಾರೆ. ಪಿಕಪ್ಪಿಗೂ ಮಿಲ್ಲರ್‌ಗೂ ನಡುವೆ ಒಂದು ಬೋಲ್ಟು, ಬೋಲ್ಟ್ ಮೇಲೆ ಎದ್ದು ಬರದ ಹಾಗೆ ಸುತ್ತಿದ ಪ್ಲಾಸ್ಟಿಕ್ ಹಗ್ಗ. ಟೀ ಅಂಗಡಿ ಹತ್ತಿರ ಗಾಡಿ ನಿಂತಾಗ ಡ್ರೈವರ್ ಹುಡುಗನನ್ನ ಕೇಳಿದೆ, "ಏನಪ್ಪಾ, ಹಿಂದಿನದಕ್ಕೆ ಬ್ರೇಕ್ ಇಲ್ವಾ?"

"ಅದಕ್ಯಾಕೆ ಸಾರ್ ಬ್ರೇಕು? ಮುಂದಿನ ಗಾಡಿ ನಿಂತ್ರೆ ಹಿಂದಿನದೂ ನಿಲ್ತದೆ."

ಕೇಳೋಕೆ ಸರಿ ಅನ್ನಿಸುತ್ತೆ, ಅಲ್ವಾ? ನೂರಕ್ಕೆ ತೊಂಬತ್ತು ಜನ ಹೀಗೇ ಹೇಳ್ತೀರಿ. ನನ್ನ ತಕರಾರು ಇಡೀ ಈ ಒಂದು ವಾಕ್ಯದ ಮೇಲೆ.

ಗಾಡಿ ಎಳೆಯುತ್ತಾ ಅನ್ನೋದನ್ನ ಎಲ್ಲರೂ ನೋಡ್ತಾರೆ. "ಏನ್ ಪಿಕಪ್ ಸಾರ್, ಎರಡು ಟನ್ ಹಾಕಿದ್ರೂ ಬೆಟ್ಟ ಹತ್ತುತ್ತೆ" ಅಂತ ಎದೆ ತಟ್ಟಿ ಹೇಳ್ತಾರೆ. ಹತ್ತಲಿ ಸ್ವಾಮಿ, ಸಂತೋಷ. ಇಳಿಯುವಾಗ? ಹಾಪರ್ ಇರೋ ದೊಡ್ಡ ಮಿಲ್ಲರ್ ಒಂದು ಟನ್ ದಾಟುತ್ತೆ. ಪಿಕಪ್ಪಿನ ಬ್ರೇಕು ಮಾಡಿರೋದು ಪಿಕಪ್ಪನ್ನೂ ಅದರ ಮೇಲಿನ ಲೋಡನ್ನೂ ನಿಲ್ಲಿಸೋಕೆ. ಹಿಂದಿನ ಒಂದು ಟನ್ ಅದರ ಲೆಕ್ಕದಲ್ಲೇ ಇಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೆ. ಅಂದ್ರೆ ಎದುರಿಗೆ ಎಮ್ಮೆ ಅಡ್ಡ ಬಂತು ಅಂತ ತಲೆಗೆ ಹೊಳೆದು ಕಾಲು ಬ್ರೇಕಿಗೆ ಹೋಗೋ ಹೊತ್ತಿಗೇ ಒಂದು ಮನೆ, ಅದರ ಅಂಗಳ ಎಲ್ಲ ದಾಟಿರುತ್ತೆ. ಬ್ರೇಕ್ ಹಿಡಿಯೋಕೆ ಶುರುವಾಗೋದು ಅಲ್ಲಿಂದ ಮುಂದೆ. 30ರಲ್ಲಿ ಹೋಗೋ ಗಾಡಿ 60ಕ್ಕೆ ಏರಿದರೆ ಅದರ ಹೊಡೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಮುಂದಿನದು ನಿಲ್ಲೋಕೆ ಹೊರಟಾಗ ಹಿಂದಿನದು ನಿಲ್ಲಲ್ಲ, ತಳ್ಳುತ್ತೆ. ನೇರ ರಸ್ತೆಯಲ್ಲಿ ತಳ್ಳಿದರೆ ನಿಲ್ಲೋ ದೂರ ಜಾಸ್ತಿ ಆಗುತ್ತೆ, ಅಷ್ಟೆ. ತಿರುವಿನಲ್ಲಿ ಓರೆಯಾಗಿ ತಳ್ಳಿದರೆ ಪಿಕಪ್ಪಿನ ಹಿಂಭಾಗವೇ ಪಕ್ಕಕ್ಕೆ ಸರಿದು, ಎರಡೂ ಗಾಡಿ ಮಡಚೋ ಚಾಕುವಿನ ಥರ ಮಡಚಿಕೊಳ್ತವೆ. ಆಮೇಲೆ ಸ್ಟೇರಿಂಗ್ ಎತ್ತ ತಿರುಗಿಸಿದರೂ ಅಷ್ಟೆ.

ಬ್ರಿಟನ್ನಿನಲ್ಲಿ ಬ್ರೇಕ್ ಇಲ್ಲದ ಟ್ರೇಲರ್ ಲೋಡ್ ಸೇರಿ 750 ಕೆಜಿ ದಾಟೋ ಹಾಗಿಲ್ಲ. ಎಳೆಯೋ ಗಾಡಿಯ ಸ್ವಂತ ತೂಕದ ಅರ್ಧಕ್ಕಿಂತಲೂ ಹೆಚ್ಚಿರಬಾರದು. ಅದಕ್ಕಿಂತ ಭಾರ ಅಂದ್ರೆ ಟ್ರೇಲರಿಗೇ ಬ್ರೇಕ್ ಬೇಕು. ಅಲ್ಲಿ ಸಾಮಾನ್ಯವಾಗಿ ಇರೋ ಬ್ರೇಕಿಗೆ ದೊಡ್ಡ ಎಲೆಕ್ಟ್ರಾನಿಕ್ಸ್ ಏನೂ ಬೇಕಿಲ್ಲ. ಮುಂದಿನ ಗಾಡಿ ನಿಧಾನ ಆದಾಗ ಹಿಂದಿನದು ಬಂದು ಒತ್ತುತ್ತಲ್ಲ, ಆ ಒತ್ತಡದಿಂದಲೇ ಟ್ರೇಲರಿನ ಬ್ರೇಕ್ ಹಿಡಿಯುತ್ತೆ. ತಳ್ಳೋ ಶಕ್ತಿಯನ್ನೇ ನಿಲ್ಲಿಸೋಕೆ ಬಳಸೋ ಉಪಾಯ. ನಮ್ಮ ಪೀಣ್ಯದ ಯಾವ ವರ್ಕ್‌ಶಾಪಿನವನೂ ನೋಡಿದರೆ ಮಾಡಬಲ್ಲ ವಸ್ತು. ಮಾಡಿ ಕೊಡಿ ಅಂತ ಕೇಳೋರು ಬೇಕಲ್ಲ!

ತಮಾಷೆ ಏನು ಗೊತ್ತಾ? ಇದರಲ್ಲಿ ಅರ್ಧ ವಿದ್ಯೆ ನಮ್ಮ ತಾತಂದಿರಿಗೆ ಗೊತ್ತಿತ್ತು. ಮಧುಗಿರಿ, ಶಿರಾ, ಪಾವಗಡ ಕಡೆ ಕಡ್ಲೆಕಾಯಿ ಮೂಟೆ ಗಾಡಿಗೆ ಹೇರುವಾಗ ಹಿರಿಯರು ಮುಂದೆ ನಿಂತು ಹೇಳ್ತಿದ್ದರು, "ಏ, ಹಿಂಭಾರ ಆಯ್ತು ಕಣೋ, ಒಂದು ಮೂಟೆ ಮುಂದಕ್ಕೆ ಹಾಕು." ಹಿಂಭಾರ ಆದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳಿಗೆ ಬಿಗಿಯುತ್ತೆ. ಮುಂಭಾರ ಆದರೆ ಹೆಗಲು ಹುಣ್ಣಾಗುತ್ತೆ. ಎರಡು ಚಕ್ರದ ಟ್ರೇಲರಿಗೂ ಇದೇ ನ್ಯಾಯ. ಟ್ರೇಲರಿನ ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗ ಮುಂದಿನ ಕೊಂಡಿಯ ಮೇಲೆ ಕೂರಬೇಕು. ಸಾವಿರ ಕೆಜಿ ಇದ್ದರೆ ನೂರು ಕೆಜಿ. ಭಾರವೆಲ್ಲ ಅಚ್ಚಿನ ಹಿಂದೆ ಬಿದ್ದರೆ ಟ್ರೇಲರ್ ಹಾವಿನ ಬಾಲದ ಹಾಗೆ ಅತ್ತಿತ್ತ ಹೊಡೆದಾಡೋಕೆ ಶುರು ಮಾಡುತ್ತೆ. ಭಾರ ತೀರಾ ಮುಂದಕ್ಕೆ ಬಿದ್ದರೆ ಪಿಕಪ್ಪಿನ ಹಿಂಭಾಗ ಕುಸಿದು ಮೂತಿ ಎದ್ದು ನಿಲ್ಲುತ್ತೆ. ಮುಂದಿನ ಚಕ್ರಕ್ಕೆ ನೆಲದ ಹಿಡಿತ ಕಡಿಮೆ, ಸ್ಟೇರಿಂಗ್ ಹಗುರ, ಹೆಡ್‌ಲೈಟ್ ನೇರ ಎದುರಿಗೆ ಬರೋ ಬೈಕಿನವನ ಕಣ್ಣಿಗೆ. ಎತ್ತು ಆಗಿದ್ದರೆ ತಲೆ ಕೊಡವಿ ನಿಂತು ಬಿಡ್ತಿತ್ತು. ಇಂಜಿನ್ನು ಬಾಯಿ ಬಿಡೋದಿಲ್ಲ.

ಆ ನೂರು ಕೆಜಿಯನ್ನ ಪಿಕಪ್ಪಿನ ಲೋಡ್ ಲೆಕ್ಕಕ್ಕೇ ಸೇರಿಸಬೇಕು. ಆರ್‌ಸಿಯಲ್ಲಿ ಲೋಡ್ ಸೇರಿದ ಒಟ್ಟು ತೂಕ ಬರೆದಿರುತ್ತೆ, ತೆಗೆದು ನೋಡಿ. ಮೇಲೆ ಸಿಮೆಂಟ್ ಪೂರ್ತಿ ಹೇರಿ, ಹಿಂದೆ ಮಿಲ್ಲರ್ ಕಟ್ಟಿದರೆ ಅವತ್ತಿನ ಲೆಕ್ಕ ದಾಟಿತು ಅಂತಲೇ ಅರ್ಥ. ಎಷ್ಟು ಎಳೆಯಬಹುದು ಅನ್ನೋದನ್ನ ಹೇಳಬೇಕಾದವನು ಗಾಡಿ ಮಾಡಿದ ಕಂಪನಿಯವನು. ಕೈಪಿಡಿಯಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ಶೋರೂಮಿನವರ ಹತ್ತಿರ ಬರವಣಿಗೆಯಲ್ಲಿ ಕೇಳಿ. ಬಾಯಿಮಾತು ಬೇಡ, "ಏನೂ ಆಗಲ್ಲ ಸಾರ್, ಎಳೀರಿ" ಅನ್ನೋ ಮಾತು ಕೋರ್ಟಿನಲ್ಲಿ ನಿಲ್ಲಲ್ಲ.

ಈಗ ಕೊಂಡಿಗೆ ಬರೋಣ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬಂಪರಿಗೆ ಒಂದು ತುಂಡು ಆಂಗ್ಲರ್ ಬೆಸುಗೆ ಹಾಕಿ, ತೂತು ಕೊರೆದು, "ಆಯ್ತಣ್ಣ, ಆನೆ ಕಟ್ಟಿದ್ರೂ ಬರುತ್ತೆ" ಅಂತ ಕೊಡ್ತಾರೆ. ಬಂಪರ್ ಇರೋದು ಪೆಟ್ಟು ತಿನ್ನೋಕೆ, ಎಳೆಯೋಕಲ್ಲ. ಕೊಂಡಿ ಚಾಸಿಯ ಎರಡೂ ತೊಲೆಗೆ ಸರಿಯಾದ ಬೋಲ್ಟಿನಿಂದ ಕೂರಬೇಕು. ಕಂಡ ಕಂಡಲ್ಲಿ ಚಾಸಿಗೆ ಬೆಸುಗೆ ಹಾಕಿಸಿದರೆ ಆ ಬಿಸಿಗೆ ಅಲ್ಲಿನ ಉಕ್ಕಿನ ಗಟ್ಟಿತನ ಕೆಡುತ್ತೆ. ಇವತ್ತು ಏನೂ ಕಾಣಲ್ಲ, ಎರಡು ವರ್ಷಕ್ಕೆ ಕೂದಲೆಳೆಯಷ್ಟು ಬಿರುಕು ಕಾಣುತ್ತೆ. ಪಿನ್ನಿಗೆ ಕೆಳಗೆ ಕ್ಲಿಪ್ ಬೇಕೇ ಬೇಕು. ಎತ್ತಿನ ಗಾಡಿಗೆ ಕಡೆಗೀಲು ಹಾಕದೆ ಹೊರಟ ರೈತನನ್ನ ಹುಚ್ಚ ಅನ್ನುತ್ತಿದ್ದ ಊರು, ಕ್ಲಿಪ್ ಬದಲು ಹಗ್ಗ ಸುತ್ತಿದವನನ್ನ ಜಾಣ ಅನ್ನುತ್ತೆ!

ಎಲ್ಲಕ್ಕಿಂತ ಕಡಿಮೆ ಖರ್ಚಿನದ್ದು ಸರಪಳಿ. ಪಿನ್ನು ಕಳಚಿದರೂ ಟ್ರೇಲರ್ ತಪ್ಪಿಸಿಕೊಳ್ಳದ ಹಾಗೆ ಎರಡು ಸರಪಳಿ, ಕೊಂಡಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯಿಸಿ ಕಟ್ಟಬೇಕು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹಾಗೆ ಕಟ್ಟಿದರೆ ಮೂಕಿ ಜಾರಿದರೂ ತೊಟ್ಟಿಲಲ್ಲಿ ಬಿದ್ದ ಹಾಗೆ ಸರಪಳಿಯ ಮೇಲೆ ಕೂರುತ್ತೆ, ಟಾರಿಗೆ ಚುಚ್ಚಿಕೊಂಡು ಪಲ್ಟಿ ಹೊಡೆಯಲ್ಲ. ತಿರುವಿಗೆ ಬೇಕಾದಷ್ಟು ಸಡಿಲ ಇರಲಿ, ನೆಲಕ್ಕೆ ಉಜ್ಜುವಷ್ಟು ಬೇಡ. ನಾನು ನೋಡಿದ ಆ ಪಿಕಪ್ಪಿನಲ್ಲಿ ಸರಪಳಿ ಇತ್ತು, ಆದರೆ ಸ್ಟೆಪ್ನಿ ಟೈರ್ ಕಳ್ಳತನ ಆಗಬಾರದು ಅಂತ ಅದಕ್ಕೆ ಸುತ್ತಿದ್ದರು.

ಪಾವಗಡ ಕಡೆಯವರು ಕೇಳಬಹುದು, ನಮ್ಮಲ್ಲಿ ಪಿಕಪ್ಪಿಗಿಂತ ಟ್ರ್ಯಾಕ್ಟರ್ ಟ್ಯಾಂಕರೇ ಹೆಚ್ಚಲ್ಲ ಅಂತ. ನಿಜ. ಬೇಸಿಗೆಯಲ್ಲಿ ಟ್ಯಾಂಕರ್ ಸದ್ದಿಗೆ ಬಿಂದಿಗೆ ಹಿಡಿದು ಓಡೋ ಸೀಮೆ ಅದು. ಐದು ಸಾವಿರ ಲೀಟರ್ ಅಂದ್ರೆ ಐದು ಟನ್ ನೀರು, ಮೇಲೆ ಟ್ಯಾಂಕರಿನ ಕಬ್ಬಿಣ. ಎಳೆಯೋ ಟ್ರ್ಯಾಕ್ಟರ್ ಎರಡು ಟನ್ ಆಸುಪಾಸು. ಇಳಿಜಾರಿನಲ್ಲಿ ಯಾರು ಯಾರ ಮಾತು ಕೇಳಬೇಕು ಹೇಳಿ! ಅರ್ಧ ತುಂಬಿದ ಟ್ಯಾಂಕರ್ ಪೂರ್ತಿ ತುಂಬಿದ್ದಕ್ಕಿಂತ ಹಗುರ, ಆದರೆ ಕೆಲವು ಸಲ ಹೆಚ್ಚು ಅಪಾಯ. ಒಳಗೆ ಅಡ್ಡ ತಡೆ ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ನೀರೆಲ್ಲ ಮುಂದಕ್ಕೆ, ತಿರುವಿನಲ್ಲಿ ಎಲ್ಲ ಒಂದೇ ಪಕ್ಕಕ್ಕೆ. ಇನ್ನೊಂದು ವಿಷಯ ಟ್ರ್ಯಾಕ್ಟರ್ ಓಡಿಸೋರು ದಯವಿಟ್ಟು ಕೇಳಿ. ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಅಂತ ಎರಡು ಬ್ರೇಕ್ ಪೆಡಲ್ ಇರೋದು ಹೊಲದಲ್ಲಿ ಸಾಲಿನ ಕೊನೆಗೆ ಗಕ್ಕನೆ ತಿರುಗಿಸೋಕೆ. ರಸ್ತೆಗೆ ಬಂದ ಕೂಡಲೇ ಎರಡನ್ನೂ ಸೇರಿಸೋ ಲಾಕ್ ಹಾಕಬೇಕು. ಲಾಕ್ ಹಾಕದೆ, ಲೋಡಿನ ಜೊತೆ ವೇಗದಲ್ಲಿ ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರ್ ಗಕ್ಕನೆ ಆ ಕಡೆಗೆ ತಿರುಗಿ ಮಗುಚಬಹುದು. ಲಾಕ್ ಇರೋದು ಒಂದು ಚಿಕ್ಕ ಕಬ್ಬಿಣದ ಪಟ್ಟಿ. ಎಷ್ಟೋ ಟ್ರ್ಯಾಕ್ಟರಿನಲ್ಲಿ ಅದು ತುಕ್ಕು ಹಿಡಿದು ಕೂತಿರುತ್ತೆ.

ಕಾನೂನು ಇಲ್ಲವಾ? ಇದೆ. 1988ರ ಮೋಟಾರು ವಾಹನ ಕಾಯ್ದೆಯ 61ನೇ ಸೆಕ್ಷನ್ ಪ್ರಕಾರ ಟ್ರೇಲರಿಗೂ ನೋಂದಣಿ ಬೇಕು. ಎಳೆಯೋ ಗಾಡಿಯ ನಂಬರ್ ಹಿಂದಿನ ಟ್ರೇಲರಿನ ಮೇಲೂ ಕಾಣಬೇಕು. ಮಧುಗಿರಿಗೆ ಕೆಎ-64 ಅಂತ ಬೇರೆ ನಂಬರ್ ಬಂದಾಗ ಜನ ಹೆಮ್ಮೆಯಿಂದ ಬರೆಸಿಕೊಂಡರು. ಹಿಂದಿನ ಟ್ರೇಲರಿನ ಮೇಲೆ ಅದನ್ನ ನೋಡಿದ್ದು ನೀವು ಎಷ್ಟು ಸಲ? ನಟನ ಫೋಟೋ ಇರುತ್ತೆ, ದೇವರ ಹೆಸರು ಇರುತ್ತೆ, "ಅಮ್ಮನ ಆಶೀರ್ವಾದ" ಇರುತ್ತೆ. ಗುದ್ದಿ ಓಡಿ ಹೋದ ಗಾಡಿ ಯಾವುದು ಅಂತ ಹೇಳೋಕೆ ನಂಬರ್ ಮಾತ್ರ ಇರಲ್ಲ. ಇನ್ಶೂರೆನ್ಸ್ ಮುಂದಿನ ಗಾಡಿಗಿದ್ದರೆ ಹಿಂದಿನದಕ್ಕೂ ತಾನಾಗೇ ಸಿಗುತ್ತೆ ಅಂತ ತಿಳಿದುಕೊಳ್ಳಬೇಡಿ, ಪಾಲಿಸಿಯಲ್ಲಿ ಟ್ರೇಲರ್ ಸೇರಿದೆಯಾ ಅಂತ ಓದಿಸಿ ನೋಡಿ.

2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆಜಿಗಿಂತ ಕಡಿಮೆ ಒಟ್ಟು ತೂಕದ ಸಾರಿಗೆ ವಾಹನ ಓಡಿಸಬಹುದು ಅಂತ ಹೇಳಿತು. ಬಡ ಡ್ರೈವರುಗಳ ಹೊಟ್ಟೆಪಾಡಿಗೆ ಅದು ಒಳ್ಳೆಯದೇ, ನಾನು ಸ್ವಾಗತಿಸ್ತೀನಿ. ಆದರೆ ಕಾರಿನಲ್ಲಿ ಎಂಟು ಹಾಕಿ ಲೈಸೆನ್ಸ್ ಪಡೆದ ಹುಡುಗನಿಗೆ ಟ್ರೇಲರ್ ಕಟ್ಟಿಕೊಂಡು ರಿವರ್ಸ್ ಹೋಗುವಾಗ ಸ್ಟೇರಿಂಗ್ ಉಲ್ಟಾ ತಿರುಗಿಸಬೇಕು ಅಂತ ಕಲಿಸಿದವರು ಯಾರು? ಹೆಲ್ಮೆಟ್ ಇಲ್ಲದವನನ್ನ ಮರದ ಹಿಂದೆ ನಿಂತು ಹಿಡಿಯೋ ವ್ಯವಸ್ಥೆ, ಅವನ ಪಕ್ಕದಲ್ಲೇ ಲೈಟ್ ಇಲ್ಲದೆ ಹೋಗೋ ಟ್ರೇಲರನ್ನ "ಪಾಪ, ರೈತರದ್ದು" ಅಂತ ಬಿಡುತ್ತೆ. ರೈತರದ್ದೇ ಇರಬಹುದು, ಹಿಂದಿನಿಂದ ಬಂದು ಅದಕ್ಕೆ ಗುದ್ದಿ ಸಾಯೋ ಬೈಕಿನವನೂ ರೈತನ ಮಗನೇ ಅಲ್ವಾ?

ರಾತ್ರಿ ಹೊತ್ತಿನ ಕಥೆಯೇ ಬೇರೆ. ಶಿರಾ ಮೇಲೆ ಹೋಗೋ 48ನೇ ರಾಷ್ಟ್ರೀಯ ಹೆದ್ದಾರಿ ಎಂಥದ್ದು ಅಂತ ನಮಗೆ ಗೊತ್ತಿದೆ. 2022ರ ಆಗಸ್ಟ್ 25ರ ಮುಂಜಾನೆ ಶಿರಾ ತಾಲೂಕಿನಲ್ಲಿ ಲಾರಿಗೂ ಕ್ರೂಸರಿಗೂ ಡಿಕ್ಕಿಯಾಗಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದ 9 ಜನ ತೀರಿಕೊಂಡರು, ಅದರಲ್ಲಿ ಮಕ್ಕಳೂ ಇದ್ದರು. ಅಲ್ಲಿ ಟ್ರೇಲರ್ ಇರಲಿಲ್ಲ. ಆದರೆ ಅಂಥ ವೇಗದ ರಸ್ತೆಗೆ ಪಕ್ಕದ ಹಳ್ಳಿಯ ದಾರಿಯಿಂದ, ರಾಗಿ ಹುಲ್ಲು ಎರಡೂ ಕಡೆ ಚಾಚಿಕೊಂಡು, ಇದ್ದ ಒಂದು ಲೈಟೂ ಹುಲ್ಲಿನ ಒಳಗೆ ಮುಚ್ಚಿಹೋಗಿ ಒಂದು ಟ್ರೇಲರ್ ಇಳಿದರೆ? ಪಿಕಪ್ಪಿನಿಂದ ಟ್ರೇಲರಿಗೆ ವೈರ್ ಎಳೆದು ಬ್ರೇಕ್ ಲೈಟ್, ಇಂಡಿಕೇಟರ್ ಕೊಡಿಸೋದು ಆಟೋ ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ. ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ ಹೊಳೆಯೋ ಟೇಪ್ ಅಂಟಿಸೋಕೆ ಎಲೆಕ್ಟ್ರಿಷಿಯನ್ ಕೂಡ ಬೇಡ. ಆದರೆ ಟೇಪಿನ ಮೇಲೆ ಕೆಸರು, ಸಿಮೆಂಟ್ ಹಾಲು ಕೂತರೆ ಅದು ಇದ್ದೂ ಇಲ್ಲದ ಹಾಗೆ. ಒಂದು ಬಟ್ಟೆ ತಗೊಂಡು ಒರೆಸಿ.

ಮತ್ತೆ ಜನರನ್ನ ಟ್ರೇಲರಿನಲ್ಲಿ ಕೂರಿಸೋದು. ಮಧುಗಿರಿ ದಂಡಿನ ಮಾರಮ್ಮನ ಜಾತ್ರೆ ಇರಲಿ, ಗೊರವನಹಳ್ಳಿ ಇರಲಿ, ಕುಟುಂಬಕ್ಕೆ ಕುಟುಂಬವೇ ಹತ್ತಿ ಹೋಗೋದು ನಮಗೆ ಹಬ್ಬದ ಚಿತ್ರ. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರ ಜಿಲ್ಲೆಯಲ್ಲಿ ದೇವಸ್ಥಾನದಿಂದ ವಾಪಸ್ ಬರುತ್ತಿದ್ದ ಟ್ರ್ಯಾಕ್ಟರ್ ಟ್ರಾಲಿ ಕೆರೆಗೆ ಮಗುಚಿ 26 ಜನ ಸತ್ತರು, ಹೆಚ್ಚಿನವರು ಹೆಂಗಸರು, ಮಕ್ಕಳು. ಇದಕ್ಕಿಂತ ಹೆಚ್ಚು ನಾನು ಹೇಳಲ್ಲ.

ಕೊನೆಗೆ ಓಡಿಸೋ ಹುಡುಗರಿಗೆ ಎರಡು ಮಾತು. ಟ್ರೇಲರ್ ಬಾಲ ಆಡಿಸೋಕೆ ಶುರು ಮಾಡಿದರೆ ಗಾಬರಿಯಿಂದ ಬ್ರೇಕ್ ತುಳಿಯಬೇಡಿ, ಸ್ಟೇರಿಂಗ್ ಎಳೆದಾಡಬೇಡಿ. ಆಕ್ಸಿಲರೇಟರ್ ಬಿಡಿ, ಸ್ಟೇರಿಂಗ್ ನೇರ ಹಿಡಿದುಕೊಳ್ಳಿ, ಗಾಡಿ ತಾನಾಗಿ ನಿಧಾನ ಆಗಲಿ. ಮಿಲ್ಲರ್‌ಗೆ ಸ್ಪ್ರಿಂಗ್ ಇಲ್ಲ, ಅದರ ಚಕ್ರ ಮಾಡಿರೋದು ಸೈಟಿನಲ್ಲಿ ಉರುಳೋಕೆ, ಹೆದ್ದಾರಿಯಲ್ಲಿ ಓಡೋಕಲ್ಲ. ದೂರ ಹೋಗಬೇಕಾದರೆ ಅದನ್ನ ಇನ್ನೊಂದು ಗಾಡಿಯ ಮೇಲೆ ಏರಿಸಿ ಒಯ್ಯಿರಿ. ಎರಡು ಟ್ರಿಪ್ ಆಗುತ್ತೆ, ಡೀಸೆಲ್ ಖರ್ಚಾಗುತ್ತೆ. ಆ ಡೀಸೆಲ್ ಖರ್ಚು ಕೊಡಬೇಕಾದವರು ಕಾಂಟ್ರಾಕ್ಟರು, ಅಂದ್ರೆ ಮನೆ ಕಟ್ಟಿಸೋ ನೀವು ಮತ್ತು ನಾನು.

ಗಾಡಿ ಕೆಟ್ಟು ನಿಂತರೆ ರಸ್ತೆಯಿಂದ ಪೂರ್ತಿ ಕೆಳಗೆ ಇಳಿಸಿ. ಮರದ ಟೊಂಗೆ ಮುರಿದು ಇಡೋ ಬದಲು ಹೊಳೆಯೋ ತ್ರಿಕೋನ ಇಡಿ. ಚಕ್ರಕ್ಕೆ ಕೊಡೋಕೆ ಮರದ ಎರಡು ತುಂಡು ಗಾಡಿಯಲ್ಲೇ ಇರಲಿ, ಹಗ್ಗ ಕಟ್ಟಿಟ್ಟುಕೊಂಡರೆ ಎಳೆದುಕೊಳ್ಳೋಕೆ ಸುಲಭ. ಅದಿಲ್ಲ, ದಾರಿಬದಿ ಕಲ್ಲೇ ಕೊಟ್ಟಿರಿ ಅಂದುಕೊಳ್ಳಿ, ಹೊರಡೋ ಮುಂಚೆ ಕೆಳಗಿಳಿದು ಆ ಕಲ್ಲನ್ನ ಎತ್ತಿ ಬೇಲಿ ಕಡೆ ಹಾಕಿ. ರಾತ್ರಿ ಹತ್ತು ಗಂಟೆಗೆ ಫ್ಯಾಕ್ಟರಿ ಶಿಫ್ಟ್ ಮುಗಿಸಿ ಅದೇ ದಾರಿಯಲ್ಲಿ ಬೈಕಿನಲ್ಲಿ ಬರೋನಿಗೆ ಅಲ್ಲೊಂದು ಕಲ್ಲಿದೆ ಅಂತ ಗೊತ್ತಿರಲ್ಲ.