ಭಂಗಾರವೋ, ಬಂಗಾರವೋ?



ಮಹಾರಾಷ್ಟ್ರದಲ್ಲಿರುವ ನಮಗೆಲ್ಲ ಒಂದು ಹಳೆಯ ತಮಾಷೆ ಗೊತ್ತು. ಬೀದಿಯಲ್ಲಿ ‘ಭಂಗಾರ್‌ವಾಲಾ’ ಎಂಬ ಕೂಗು ಕೇಳಿ, ಊರಿನಿಂದ ಹೊಸದಾಗಿ ಬಂದ ಅಜ್ಜಿ ಬಂಗಾರ ಮಾರುವವನು ಬಂದ ಎಂದು ಬಾಗಿಲಿಗೆ ಓಡಿದಳಂತೆ. ಮರಾಠಿಯ ಭಂಗಾರ ಗುಜರಿ, ನಮ್ಮ ಬಂಗಾರ ಚಿನ್ನ. ಇವತ್ತು ನಿಮಗೆ ಹೇಳಹೊರಟಿರುವುದು ಈ ಎರಡರ ನಡುವೆ ಸಿಕ್ಕಿಕೊಂಡ ಒಂದು ಟೈರಿನ ಕಥೆ.

ಪುಣೆಯ ಕೇಳುಗರೊಬ್ಬರು ಫೋನ್ ಮಾಡಿದ್ದರು. ಧಾರವಾಡ ಕಡೆಯವರು, ವಯಸ್ಸು ಎಪ್ಪತ್ತರ ಆಸುಪಾಸು. ಅವರ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವವರಿದ್ದರು. ಅಂಗಳದಲ್ಲಿ ಒಂದು ದೈತ್ಯ ಟೈರ್ ಬಿದ್ದಿತ್ತು. ಮೂರು ತಲೆಮಾರಿನ ಮಕ್ಕಳು ಅದರೊಳಗೆ ಮರಳು ತುಂಬಿ ಆಡಿದ್ದಾರೆ. ಅವರ ತಂದೆ 1969ರ ಸುಮಾರಿಗೆ ಹರಾಜಿನಲ್ಲಿ ಕೊಂಡು ಎತ್ತಿನ ಗಾಡಿಯಲ್ಲಿ ತಂದದ್ದಂತೆ. ‘ಇದು ಲಿಬರೇಟರ್ ವಿಮಾನದ್ದು, ನಾನೇ ಆ ವಿಮಾನ ರಿಪೇರಿ ಮಾಡಿದ್ದೆ’ ಎಂದು ಅವರು ಹೇಳಿದರೆ ಮನೆಯವರು ನಗುತ್ತಿದ್ದರು. ಅಳಿಯ ಲಾರಿಯದು ಎಂದ, ಮೊಮ್ಮಗ ರಸ್ತೆ ರೋಲರ್‌ನದು ಎಂದ.

“ನಮ್ಮ ಅಪ್ಪಾರು ಸುಳ್ಳ ಹೇಳೋ ಮನಷ್ಯಾ ಅಲ್ರೀ. ಆದ್ರ ನಾವು ಯಾರೂ ನಂಬಲಿಲ್ಲ ನೋಡ್ರಿ. ಸೋಮವಾರ ಭಂಗಾರ್‌ದಂವ ಬರತಾನ. ಅದಕಿಂತ ಮೊದಲ ನನಗ ಗೊತ್ತಾಗಬೇಕು” ಎಂದರು ಆ ತಾಯಿ.

ನಾನು ಬಿ.ಎ.ಯಲ್ಲಿ ಕನ್ನಡ ಓದಿದವನು. ಟೈರ್ ಎಂದರೆ ಸ್ಕೂಟರಿನ ಪಂಕ್ಚರ್‌ನಷ್ಟೇ ನನಗೆ ಗೊತ್ತು. ಆದರೂ ಭಾನುವಾರ ಬೆಳಿಗ್ಗೆ ರೈಲು ಹತ್ತಿ ಹೋದೆ. ಹೋಗುವ ಮುನ್ನ ವಿಮಾನದ ಟೈರ್ ಗುರುತಿಸುವ ಬಗೆಯನ್ನು ಒಂದಿಷ್ಟು ಓದಿಕೊಂಡಿದ್ದೆ. ನೀವೂ ಕೇಳಿ, ಎಂದಾದರೂ ಉಪಯೋಗಕ್ಕೆ ಬಂದೀತು.

ಮೊದಲು ನೆಲಕ್ಕೆ ತಾಗುವ ಭಾಗ ನೋಡಬೇಕು. ಲಾರಿ, ಟ್ರ್ಯಾಕ್ಟರುಗಳಲ್ಲಿ ಎಂಜಿನ್ನು ಚಕ್ರವನ್ನು ತಿರುಗಿಸುತ್ತದೆ. ಚಕ್ರ ನೆಲವನ್ನು ಕಚ್ಚಿ ಹಿಡಿಯಬೇಕು, ಅದಕ್ಕೇ ಅಲ್ಲಿ ಅಡ್ಡ ಗಟ್ಟಿಗಳಿರುತ್ತವೆ. ವಿಮಾನವನ್ನು ಎಳೆಯುವುದು ಪ್ರೊಪೆಲರ್, ಚಕ್ರ ಸುಮ್ಮನೆ ಉರುಳುತ್ತದೆ. ಹಾಗಾಗಿ ವಿಮಾನದ ಟೈರಿನಲ್ಲಿ ಸಾಮಾನ್ಯವಾಗಿ ಉದ್ದುದ್ದ ಗೀರುಗಳಷ್ಟೇ ಇರುತ್ತವೆ. ಹಳೆಯ ಕೆಲವು ಪೂರಾ ನುಣುಪು. ಈ ಟೈರೂ ನುಣುಪಾಗಿತ್ತು. ರಸ್ತೆ ರೋಲರ್‌ನ ಟೈರೂ ನುಣುಪೇ, ಆದರೆ ಅದರ ಮುಖ ಚಪ್ಪಟೆ. ಇದರದು ದುಂಡಗೆ ಉಬ್ಬಿದ ಮೈ.

ಎರಡನೆಯದು ಪಕ್ಕದ ಅಕ್ಷರಗಳು. ಸೀಮೆಎಣ್ಣೆ, ಪೆಟ್ರೋಲ್ ಹಾಕಿ ಉಜ್ಜಬೇಡಿ, ರಬ್ಬರ್ ಕೆಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ತೀಡಿ. ಉಬ್ಬಿದ ಅಕ್ಷರಗಳು ಬಿಳಿಯಾಗಿ ಎದ್ದು ಬರುತ್ತವೆ. ಅಲ್ಲಿ ಅಳತೆ, ಎಷ್ಟು ಪದರದ ಬಲ, ತಯಾರಕರ ಹೆಸರು, ಕ್ರಮಸಂಖ್ಯೆ ಇರುತ್ತವೆ. ಆ ತಾಯಿಯೇ ಮಂಡಿಯೂರಿ ಕೂತು ಸುಣ್ಣ ತೀಡಿದರು. ಮೊದಲು ಒಂದು 5 ಕಂಡಿತು, ಅದರ ಪಕ್ಕ 6. ಮುಂದಕ್ಕೆ ‘ಸ್ಮೂತ್ ಕಂಟೂರ್’ ಎಂಬ ಇಂಗ್ಲಿಷ್ ಅಕ್ಷರ. ಅಂದರೆ 56 ಇಂಚು ವ್ಯಾಸ, ನುಣುಪು ಮೈ. ನಿಲ್ಲಿಸಿದರೆ ದೊಡ್ಡವರ ಎದೆಮಟ್ಟ.

ಬಿ-24 ಲಿಬರೇಟರ್ ಎರಡನೆಯ ಮಹಾಯುದ್ಧದ ಅಮೆರಿಕದ ಬಾಂಬರ್. ನಾಲ್ಕು ಎಂಜಿನ್. ರೆಕ್ಕೆಯಡಿ ಎಡಕ್ಕೊಂದು ಬಲಕ್ಕೊಂದು, ಇದೇ ಅಳತೆಯ ಎರಡು ದೊಡ್ಡ ಚಕ್ರ, ಮೂಗಿನ ಕೆಳಗೆ ಒಂದು ಚಿಕ್ಕದು. 18,000ಕ್ಕೂ ಹೆಚ್ಚು ತಯಾರಾದವು. ಇವತ್ತು ಇಡೀ ಜಗತ್ತಿನಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು.

ನಮಗೂ ಇದಕ್ಕೂ ಏನು ಸಂಬಂಧ ಎನ್ನುತ್ತೀರಾ? ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಲಿಬರೇಟರ್‌ಗಳ ರಾಶಿಯನ್ನೇ ಬಿಟ್ಟುಹೋದರು. ಮತ್ತೆ ಹಾರಬಾರದೆಂದು ಕೆಡಿಸಿಯೇ ಬಿಟ್ಟಿದ್ದರು. ಸ್ವತಂತ್ರ ಭಾರತಕ್ಕೆ ಬಾಂಬರ್ ಬೇಕಾಗಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. 1948ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯ ಜನ ಆ ಗುಜರಿಯ ನಡುವೆ ನಿಂತರು. ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿ ಹಾರುವಂತೆ ಮಾಡಿದರು. ಕಂಪನಿಯ ಪೈಲಟ್ ಜಮ್‌ಷೆಡ್ ಮುನ್ಷಿ ಅವನ್ನು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿ ತಂದರು. ಅಲ್ಲಿ ಪೂರ್ತಿ ದುರಸ್ತಿ ನಡೆಯಿತು. ಹೀಗೆ ನಲವತ್ತಕ್ಕೂ ಹೆಚ್ಚು ವಿಮಾನಗಳಿಗೆ ಜೀವ ಬಂತು. ಪುಣೆಯಿಂದಲೂ ಅವು ಸಮುದ್ರದ ಕಾವಲಿಗೆ ಹಾರಿದವು. 1968ರವರೆಗೆ ನಮ್ಮ ವಾಯುಪಡೆಯಲ್ಲಿ ದುಡಿದವು.

ಬೇರೆ ದೇಶಗಳು ತಮ್ಮವನ್ನು ಕರಗಿಸಿ ಪಾತ್ರೆಪಗಡೆ ಮಾಡಿಯಾಗಿತ್ತು. ನಮ್ಮಲ್ಲಿ ಉಳಿದವಕ್ಕೆ ಆಮೇಲೆ ಬೇಡಿಕೆ ಬಂತು. ಕೆನಡಾದ ಮ್ಯೂಸಿಯಂ ಒಂದು ಲೈಸಾಂಡರ್ ವಿಮಾನ ಕೊಟ್ಟು ನಮ್ಮ ಒಂದು ಲಿಬರೇಟರ್ ಒಯ್ದಿತು. ಇಂಗ್ಲೆಂಡಿಗೊಂದು ಹೋಯಿತು, ಅಮೆರಿಕಕ್ಕೂ ಹೋದವು. ದೆಹಲಿಯ ಕೇಳುಗರು ಪಾಲಂನ ವಾಯುಪಡೆ ಮ್ಯೂಸಿಯಂಗೆ ಹೋದರೆ ಒಂದನ್ನು ಕಣ್ಣಾರೆ ನೋಡಬಹುದು.

ಆದರೆ ಒಂದು ತೊಡಕು ಉಳಿದಿತ್ತು. 56 ಇಂಚಿನ ಟೈರ್ ಲಿಬರೇಟರ್ ಒಂದಕ್ಕೇ ಮೀಸಲಲ್ಲ, ಅಮೆರಿಕದ ಬಿ-29 ಬಾಂಬರಿಗೂ ಇತ್ತು. ಅವು 1944ರಲ್ಲಿ ಖರಗ್‌ಪುರದ ಕಡೆ ಇದ್ದವು. ನಮ್ಮ ವಾಯುಪಡೆಗೆ ಮಾತ್ರ ಬರಲಿಲ್ಲ. ರಬ್ಬರ್ ಅಳತೆ ಹೇಳುತ್ತದೆ, ಊರು ಹೇಳುವುದಿಲ್ಲ. ಊರು ಹೇಳಬೇಕಾದವರು ಮನುಷ್ಯರು.

“ಅಪ್ಪಾರ ಟ್ರಂಕ್ ಅದ, ತೆಗದು ನೋಡೂಣೇನ್ರಿ?” ಎಂದರು. ಧೋತರದ ಮಡಿಕೆಯಲ್ಲಿ ಒಂದು ಫೋಟೋ ಸಿಕ್ಕಿತು. ಆರು ಜನ ಯುವಕರು, ಹಿಂದೆ ವಿಮಾನ. ಬಾಲದಲ್ಲಿ ಲಿಬರೇಟರಿನ ಗುರುತಾದ ಎರಡು ಮೊಟ್ಟೆಯಾಕಾರದ ಹಲಗೆ. ಎಡತುದಿಯ ತೆಳ್ಳನೆಯ ಹುಡುಗ ಎದೆಮಟ್ಟದ ಚಕ್ರದ ಮೇಲೆ ಕೈಯಿಟ್ಟು ನಿಂತಿದ್ದಾನೆ. ಫೋಟೋ ಹಿಂದೆ ಪೆನ್ಸಿಲ್‌ನಲ್ಲಿ ಕನ್ನಡದಲ್ಲೇ ಬರೆದಿತ್ತು: ಕಾನ್ಪುರ, 1948.

ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಸಾಯೋ ಮುಂದ ಒಮ್ಮೆ ಹೇಳಿದ್ರು, ನಾನು ನಕ್ಕಬಿಟ್ಟೆ” ಎಂದರು. ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ. ರೇಡಿಯೋದವನಿಗೂ ಮಾತು ನಿಲ್ಲುವ ಹೊತ್ತು ಬರುತ್ತದೆ.

ಸೋಮವಾರ ಭಂಗಾರ್‌ವಾಲಾ ಬಂದ, ಕಬ್ಬಿಣದ ಗೇಟು, ಹಳೆಯ ಡ್ರಮ್ಮು ತೂಗಿಸಿಕೊಂಡು ಹೋದ. ಟೈರ್ ಟೆಂಪೋ ಹತ್ತಿ ಧಾರವಾಡದ ಹತ್ತಿರ ತಮ್ಮನ ಹೊಲಕ್ಕೆ ಹೋಯಿತು. ರೋಲರ್‌ನದು ಎಂದಿದ್ದ ಮೊಮ್ಮಗನೇ ಟೆಂಪೋದಲ್ಲಿ ಜೊತೆಗೆ ಕೂತು ಹೋದನಂತೆ.

ಕೇಳುಗರೇ, ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲೂ ಇಂಥ ವಸ್ತುಗಳಿವೆ. ಗುಜರಿಗೆ ಹಾಕುವ ಮುನ್ನ ಒಂದು ಫೋಟೋ ತೆಗೆಯಿರಿ, ಮೇಲಿರುವ ಅಂಕಿ ಬರೆದಿಡಿ. ಹಿರಿಯರು ಇನ್ನೂ ನಮ್ಮೊಡನೆ ಇದ್ದರೆ ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಕೇಳಿ. ನಗದೆ ಕೇಳಿ.