ಬರಹದ ಚಿತ್ರ ಬರಹವಲ್ಲ

ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಕಥೆಗೆ ತೊಡಗಿದರೆಂದರೆ ನೆರೆದವರೆಲ್ಲ ಕಿವಿಯಾಗಿಬಿಡುತ್ತಾರೆ. ಆ ಮಹಾಕಾವ್ಯ ತಲೆಮಾರುಗಳನ್ನು ದಾಟಿ ಬಂದದ್ದು ಬಾಯಿಂದ ಕಿವಿಗೆ. ಅದನ್ನು ಸವಿಯಲು ಅಕ್ಷರ ಬೇಕಿರಲಿಲ್ಲ. ಕಣ್ಣಿನ ಹಂಗೂ ಇರಲಿಲ್ಲ. ಕಣ್ಣುಳ್ಳವನೂ ಕಣ್ಣಿಲ್ಲದವನೂ ಅಲ್ಲಿ ಸಮಾನ ಕೇಳುಗರು. ಇಂಥ ಪರಂಪರೆಯುಳ್ಳ ನಾಡಿನಲ್ಲಿ ಇಂದು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ: ನಾವು ಕಟ್ಟುತ್ತಿರುವ ಜಾಲತಾಣಗಳಲ್ಲಿ ಆ ಸಮಾನತೆ ಉಳಿದಿದೆಯೆ?

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಜನರ ನಿತ್ಯದ ವ್ಯವಹಾರವೂ ಈಗ ಜಾಲತಾಣಗಳಿಗೆ ಸರಿದಿದೆ. ಪಹಣಿ, ಆದಾಯದ ಪತ್ರ, ಪಿಂಚಣಿಯ ಅರ್ಜಿ, ಪರೀಕ್ಷೆಯ ಫಲಿತಾಂಶ, ಬ್ಯಾಂಕಿನ ಲೆಕ್ಕ ಎಲ್ಲವೂ ಅಲ್ಲಿವೆ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಹಾಕುವ ದಾರಿಯೂ ಜಾಲತಾಣವೇ.

ಹನೂರಿನ ಕಡೆಯ ಹಳ್ಳಿಯೊಂದರಲ್ಲಿ ದೃಷ್ಟಿಯಿಲ್ಲದ ತರುಣನೊಬ್ಬನಿದ್ದಾನೆಂದು ಭಾವಿಸಿಕೊಳ್ಳೋಣ. ಆತ ಓದಿದವನು, ಗಣಕಯಂತ್ರವನ್ನು ಬಲ್ಲವನು. ಇದು ಹೇಗೆ ಸಾಧ್ಯವೆಂದು ಕೆಲವರಿಗೆ ಅನ್ನಿಸಬಹುದು. ತೆರೆಯ ಮೇಲಿನ ಬರಹವನ್ನು ದನಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ. ಅವಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ಅವುಗಳಲ್ಲೊಂದಾದ ಎನ್‌ವಿಡಿಎಯನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯದ ಮೈಕೆಲ್ ಕರನ್. ಅವರೊಡನೆ ದುಡಿದವರು ಜೇಮ್ಸ್ ಟೆ. ಇಬ್ಬರೂ ದೃಷ್ಟಿಹೀನರು. ಆ ತಂತ್ರಾಂಶ ಹಣವಿಲ್ಲದೆ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ನಮ್ಮ ತರುಣನ ಬಳಿ ಅದು ಇದೆಯೆಂದೇ ಇಟ್ಟುಕೊಳ್ಳೋಣ.

ಆತ ಒಂದು ಸುತ್ತೋಲೆಯನ್ನು ತೆರೆಯುತ್ತಾನೆ. ಯಂತ್ರ 'ಚಿತ್ರ' ಎಂದಷ್ಟೇ ನುಡಿದು ಸುಮ್ಮನಾಗುತ್ತದೆ. ಏಕೆಂದರೆ ಯಾರೋ ಕಾಗದವನ್ನು ಸ್ಕ್ಯಾನ್ ಮಾಡಿ ಹಾಗೆಯೇ ಏರಿಸಿದ್ದಾರೆ. ನೋಡುವವರಿಗೆ ಅದು ಬರಹ. ಯಂತ್ರಕ್ಕೆ ಅದು ಬರಹದ ಭಾವಚಿತ್ರ. ಅನ್ನದ ಚಿತ್ರ ಹೇಗೆ ಅನ್ನವಲ್ಲವೋ ಹಾಗೆಯೇ ಬರಹದ ಚಿತ್ರ ಬರಹವಲ್ಲ. ಈ ಒಂದು ಮಾತನ್ನು ಮನಗಂಡರೆ ನಮ್ಮ ಕೆಲಸದಲ್ಲಿ ಅರ್ಧ ಮುಗಿದಂತೆ.

ಕನ್ನಡದಲ್ಲಿ ಇನ್ನೊಂದು ತೊಡಕೂ ಉಂಟು. ನಮ್ಮ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಲಿಪಿಯ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ಕಣ್ಣಿಗೆ 'ಕನ್ನಡ' ಎಂದು ಕಾಣುವ ಪದ ಯಂತ್ರದ ಪಾಲಿಗೆ ಅರ್ಥವಿಲ್ಲದ ಅನ್ಯ ಅಕ್ಷರಗಳ ಗೊಂಚಲು. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ. 1991ರ ಅದರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅಲ್ಲಿ ಸ್ಥಾನವಿದೆ. ಪರೀಕ್ಷೆ ಬಹಳ ಸುಲಭ. ಪುಟದ ಒಂದು ಸಾಲನ್ನು ನಕಲಿಸಿ ಮೊಬೈಲಿನ ಸಂದೇಶದಲ್ಲಿ ಅಂಟಿಸಿ ನೋಡಿ. ಕನ್ನಡವಾಗಿ ಮೂಡಿದರೆ ಅದು ಬರಹ, ಇಲ್ಲವಾದರೆ ಅಲ್ಲ.

ಯಳಂದೂರಿನ ಸಂಚಿ ಹೊನ್ನಮ್ಮನ 'ಹದಿಬದೆಯ ಧರ್ಮ'ವನ್ನೇ ತೆಗೆದುಕೊಳ್ಳಿ. ಅದರ ಪುಟಗಳ ಚಿತ್ರಗಳನ್ನಷ್ಟೇ ಜಾಲತಾಣಕ್ಕೆ ಏರಿಸಿದರೆ ಕಣ್ಣಿಲ್ಲದವರಿಗೆ ಆಕೆ ಮೂಕಳು. ಅಕ್ಷರವಾಗಿ ಕೊಟ್ಟರೆ ಒಬ್ಬರು ಕೇಳುತ್ತಾರೆ, ಮತ್ತೊಬ್ಬರು ಹಿಗ್ಗಿಸಿ ನೋಡುತ್ತಾರೆ, ಇನ್ನೊಬ್ಬರು ಬ್ರೈಲ್ ಚುಕ್ಕಿಗಳಲ್ಲಿ ಬೆರಳಾಡಿಸಿ ಓದುತ್ತಾರೆ.

ಹಾಗಾದರೆ ನಿಜವಾದ ಚಿತ್ರಗಳ ಗತಿಯೇನು? ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಯೊಬ್ಬರು ಜಾಲತಾಣದಲ್ಲಿ ಸೀರೆಯನ್ನು ತೋರಿಸುತ್ತಾರೆ. ಅದರ ಹಿಂದೆ 'ಚಿತ್ರ 27' ಎಂದಿದ್ದರೆ ಯಾರಿಗೂ ಉಪಯೋಗವಿಲ್ಲ. 'ಕಡುಹಸುರು ಒಡಲು, ಕುಂಕುಮಗೆಂಪಿನ ಅಂಚು, ಜರಿಯ ಸೆರಗು' ಎಂದು ಬರೆದಿದ್ದರೆ, ಮಗಳ ಮದುವೆಗೆ ಸೀರೆ ಆರಿಸುವ ದೃಷ್ಟಿಹೀನ ತಾಯಿ ತನ್ನ ಮನಸ್ಸಿಗೆ ಒಪ್ಪುವುದನ್ನು ತಾನೇ ಆರಿಸಿಕೊಳ್ಳಬಲ್ಲಳು. ಅಂಗಡಿಯ ಗದ್ದುಗೆಯ ಮೇಲೆ ಕುಳಿತು ಸೀರೆಯನ್ನು ಬಣ್ಣಿಸುವ ವ್ಯಾಪಾರಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ.

ಅಡಚಣೆ ಕಣ್ಣಿನದು ಮಾತ್ರವಲ್ಲ. ಕೈ ಸ್ವಾಧೀನವಿಲ್ಲದವರು ಮೌಸ್ ಹಿಡಿಯಲಾರರು. ಕೀಲಿಮಣೆಯೊಂದರಿಂದಲೇ ಪುಟವೆಲ್ಲ ನಡೆಯಬೇಕು. ಕಿವಿ ಕೇಳದವರಿಗೆ ಚಲನಚಿತ್ರದ ಕೆಳಗೆ ಮಾತಿನ ಬರಹ ಬೇಕು. ಕೆಂಪು ಹಸುರುಗಳ ಭೇದ ತಿಳಿಯದವರಿಗೆ 'ಕೆಂಪು ಗುಂಡಿಯನ್ನು ಒತ್ತಿ' ಎಂದರೆ ಪ್ರಯೋಜನವಿಲ್ಲ. ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಸೂತ್ರಗಳು 1999ರಿಂದಲೂ ಇವೆ. 2008ರ ಆವೃತ್ತಿ ಅವನ್ನು ನಾಲ್ಕು ತತ್ತ್ವಗಳಲ್ಲಿ ಅಡಗಿಸಿತು: ಪುಟ ಗ್ರಹಿಕೆಗೆ ಸಿಗಬೇಕು, ನಡೆಸಲು ಬರಬೇಕು, ಅರ್ಥವಾಗಬೇಕು, ಬೇರೆ ಬೇರೆ ಸಾಧನಗಳಲ್ಲಿ ಕೆಡದೆ ನಿಲ್ಲಬೇಕು.

"ಅಂಥವರು ಎಷ್ಟು ಮಂದಿ?" ಎಂದು ಕೇಳುವವರುಂಟು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿಯೇ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರು ಲೆಕ್ಕಕ್ಕೆ ಸಿಕ್ಕಿದರು. ಮುಪ್ಪಿನಲ್ಲಿ ಕಣ್ಣು ಮಂಜಾದವರನ್ನೂ ಕೈ ನಡುಗುವವರನ್ನೂ ಸೇರಿಸಿಕೊಂಡರೆ ನಮ್ಮಲ್ಲಿ ಹೊರಗುಳಿಯುವವರು ಯಾರು?

"ಪಕ್ಕದವರು ಓದಿ ಹೇಳಬಾರದೆ?" ಎಂಬುದು ಇನ್ನೊಂದು ಮಾತು. ಹೇಳಬಹುದು, ನಿಜ. ಆದರೆ ಬ್ಯಾಂಕಿನಲ್ಲಿರುವ ಹಣವೆಷ್ಟೆಂಬುದನ್ನೂ, ಮೊಬೈಲಿಗೆ ಬಂದ ಓಟಿಪಿಯನ್ನೂ, ವೈದ್ಯರು ಬರೆದ ರೋಗದ ಹೆಸರನ್ನೂ ಪ್ರತಿಸಲವೂ ಪರರ ಬಾಯಿಂದ ಕೇಳಬೇಕಾದವನ ಸ್ಥಿತಿಯನ್ನು ಊಹಿಸಿ. ನಮ್ಮ ಕಾಗದವನ್ನು ಇನ್ನೊಬ್ಬರು ಒಡೆದು ಓದಿದರೆ ನಾವು ಸಹಿಸುತ್ತೇವೆಯೆ? ಇಲ್ಲಿ ಪಣಕ್ಕಿರುವುದು ಅನುಕೂಲವಲ್ಲ, ಮರ್ಯಾದೆ.

ಕಾನೂನೂ ಇದನ್ನೇ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 42ನೆಯ ಪ್ರಕರಣ, ಧ್ವನಿ, ಮುದ್ರಣ, ವಿದ್ಯುನ್ಮಾನ ಮಾಧ್ಯಮಗಳಲ್ಲಿರುವುದೆಲ್ಲ ಅಂಗವಿಕಲರಿಗೆ ಎಟುಕುವಂತೆ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಆಮ್ಲದ ದಾಳಿಯಲ್ಲಿ ಕಣ್ಣುಗಳಿಗೆ ತೀವ್ರ ಹಾನಿಯಾದ ಮಹಿಳೆಯೊಬ್ಬರನ್ನು, ಬ್ಯಾಂಕಿನ ಖಾತೆಗಾಗಿ ಕ್ಯಾಮರಾದ ಮುಂದೆ ಕಣ್ಣು ಮಿಟುಕಿಸಿರೆಂದು ಕೇಳಲಾಯಿತು. ಅವರಂಥವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 2025ರ ಏಪ್ರಿಲ್ 30ರಂದು ನ್ಯಾಯಾಲಯ, ಇಂಥ ಸೇವೆಗಳು ಎಲ್ಲರಿಗೂ ಎಟುಕಬೇಕಾದದ್ದು ಸಂವಿಧಾನದ 21ನೆಯ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗವೆಂದೇ ತೀರ್ಪಿತ್ತಿತು. ಆದರೆ ತೀರ್ಪು ಪುಟವನ್ನು ತಿದ್ದಲಾರದು. ತಿದ್ದಬೇಕಾದವರು ಪುಟವನ್ನು ಬರೆಯುವವರು: ಕಚೇರಿಯ ಗುಮಾಸ್ತರು, ಶಾಲೆಯ ಅಧ್ಯಾಪಕರು, ಅಂಗಡಿಯ ಯಜಮಾನರು.

ಕೊನೆಯದಾಗಿ, ನನ್ನದೇ ಕೊರತೆಯನ್ನು ಒಪ್ಪಿಕೊಳ್ಳಬೇಕು. ಬಾನುಲಿಯಲ್ಲಿ ಆಡುತ್ತಿರುವ ಈ ಮಾತು ಕಿವಿ ಕೇಳದವರನ್ನು ತಲುಪದು. ಮುಂದೆ ಇದು ಅಚ್ಚಾದರೆ ಅವರಿಗೆ ದೊರೆತೀತು. ಆಗ ಕಣ್ಣಿಲ್ಲದವರಿಗೆ ಮರೆಯಾದೀತು. ಬಾನುಲಿಗೂ ಅಚ್ಚಿಗೂ ಇರುವ ಈ ಮಿತಿ ಜಾಲತಾಣಕ್ಕಿಲ್ಲ. ಒಂದೇ ಪುಟ ಒಬ್ಬರಿಗೆ ದನಿಯಾಗಿ, ಮತ್ತೊಬ್ಬರಿಗೆ ಅಕ್ಷರವಾಗಿ, ಇನ್ನೊಬ್ಬರಿಗೆ ಬೆರಳ ತುದಿಯ ಚುಕ್ಕಿಯಾಗಿ ಒದಗಬಲ್ಲುದು. ಹಿಂದಿನ ಯಾವ ಮಾಧ್ಯಮಕ್ಕೂ ಇಲ್ಲದ ಈ ಶಕ್ತಿಯನ್ನು ಕೈಯಲ್ಲಿಟ್ಟುಕೊಂಡು, ಬರಹದ ಬದಲು ಅದರ ಚಿತ್ರವನ್ನು ಹಂಚುತ್ತ ಕೂರುವುದು ನಮಗೆ ತಕ್ಕುದಲ್ಲ.